ದಾದಿಯರ ವ್ಯಾಸಂಗದ ಪೂರ್ವೋತ್ತರ

ಚರಕಾಚಾರ್ಯರು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿರುವರು: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನ ಗುಣಗಳನ್ನು ಎಣಿಸುವಾಗ ಅವರು ಮೊದಲಿಗೆ ಇಟ್ಟುದು ಉಪಚಾರದ ಜ್ಞಾನವನ್ನು. ದಾಕ್ಷ್ಯ, ಅನುರಾಗ, ಶೌಚಗಳು ತರುವಾಯ ಬರುತ್ತವೆ. ನಾವಾದರೋ ಈ ಕ್ರಮವನ್ನು ತಲೆಕೆಳಗು ಮಾಡಿ, ದಾದಿಗೆ ಕರುಣೆಯೊಂದಿದ್ದರೆ ಸಾಕು, ವಿದ್ಯೆಯೇಕೆ ಎಂದೆವು. ಉದ್ಯೋಗದಲ್ಲಿರುವ ದಾದಿಯು ಪದವಿಗಾಗಿ ಓದಹೊರಟಾಗ ಎದುರಾಗುವ ತೊಡಕುಗಳ ಮೂಲವು ಇಲ್ಲಿಯೇ ಇದೆಯೆಂದು ನನ್ನ ಎಣಿಕೆ.

ಆಧುನಿಕ ಶುಶ್ರೂಷಾ ಶಿಕ್ಷಣದಲ್ಲಿ ಮೊದಮೊದಲು ದುಡಿಮೆಯೂ ಓದೂ ಬೇರೆಯಾಗಿರಲಿಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ನೈಟಿಂಗೇಲ್ ಶಾಲೆಯ ಶಿಷ್ಯೆಯರು ರೋಗಿಗಳ ಸೇವೆ ಮಾಡುತ್ತಲೇ ಕಲಿತರು. ಈ ಪದ್ಧತಿಯೇ ನಮ್ಮಲ್ಲಿಗೂ ಬಂದಿತು. ಮುಂಬಯಿಯಲ್ಲಿ 1891ರಲ್ಲಿ ತರಬೇತಿಗೆ ಸೇರಿದ ಬಾಯಿ ಕಾಶೀಬಾಯಿ ಗಣಪತ ಎಂಬವರನ್ನು ಈ ವಿದ್ಯೆಗೆ ಬಂದ ಮೊದಲ ಭಾರತೀಯ ಸ್ತ್ರೀಯೆಂದು ಶುಶ್ರೂಷೆಯ ಚರಿತ್ರಕಾರರು ಸ್ಮರಿಸುತ್ತಾರೆ. ಆದರೆ ಈ ಪದ್ಧತಿಯಲ್ಲಿ ಶಿಷ್ಯೆಯೇ ಆಸ್ಪತ್ರೆಯ ಕೈಯಾಳಾದಳು. ಪಾಠಕ್ಕೆ ದೊರೆತದ್ದು ಅವಳು ದಣಿದ ಮೇಲಿನ ಹೊತ್ತು.

ಆಗ ನಮ್ಮ ಇಳಕಲ್ಲು ವಿಜಾಪುರ ಜಿಲ್ಲೆಯ ಹುನಗುಂದ ತಾಲೂಕಿನಲ್ಲಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ದಾದಿಯರ ನೋಂದಣಿಗೆಂದು ಮುಂಬಯಿ ಸರಕಾರವು 1935ರಲ್ಲಿ ಕಾಯಿದೆ ಮಾಡಿತು. ಕಾಯಿದೆಯೇನೋ ಆಯಿತು, ನೋಂದಾಯಿಸಿಕೊಳ್ಳಲು ದಾದಿಯರೆಲ್ಲಿ? ಇಡೀ ದೇಶದಲ್ಲಿ ಸುಮಾರು 7,000 ದಾದಿಯರು, ಅಂದರೆ 43,000 ಜನರಿಗೆ ಒಬ್ಬಳು, ಎಂದು 1946ರಲ್ಲಿ ಭೋರ್ ಸಮಿತಿ ಲೆಕ್ಕ ಕೊಟ್ಟಿತು. ನಮ್ಮ ಸೀಮೆಯ ಹಳ್ಳಿಗಳಿಗೆ ಸೂಲಗಿತ್ತಿಯೇ ಗತಿಯಾಗಿದ್ದಳೆಂದರೆ ಅಚ್ಚರಿಯಿಲ್ಲ.

ಅದೇ 1946ರಲ್ಲಿ ದಿಲ್ಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಶುಶ್ರೂಷೆಗೆ ಬಿ.ಎಸ್ಸಿ. ಪದವಿಯು ಏರ್ಪಟ್ಟಿತು. ಹೊಸದಾಗಿ ಬರುವ ಹುಡುಗಿಯರಿಗೆ ದಾರಿ ತೆರೆಯಿತು, ನಿಜ. ಆದರೆ ಆಗಲೇ ಪ್ರಮಾಣಪತ್ರ ಪಡೆದು ವಾರ್ಡುಗಳಲ್ಲಿ ಕೂದಲು ನರೆಸಿಕೊಳ್ಳುತ್ತಿದ್ದವರು? ಅವರಿಗಾಗಿ ಎರಡು ವರ್ಷಗಳ ಪದವಿ ಶಿಕ್ಷಣವು ತಿರುವನಂತಪುರದಲ್ಲಿ ಆರಂಭವಾದುದು 1963ರಲ್ಲಿ. ನಮ್ಮ ನೇಕಾರರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಕೂಡಿಸುವುದನ್ನು ಇಳಕಲ್ಲಿನ ವಾಚಕರು ನಿತ್ಯ ನೋಡುವರು. ಈ ಶಿಕ್ಷಣವೂ ಅಂಥದೇ ಕೊಂಡಿ. ಮಗ್ಗದ ಕೊಂಡಿಗೂ ಇದಕ್ಕೂ ಒಂದು ಭೇದವುಂಟು. ಎರಡು ವರ್ಷ ಹಗಲೆಲ್ಲ ತರಗತಿಯಲ್ಲಿ ಕುಳಿತುಕೊಳ್ಳಬೇಕಾದರೆ ರಜೆ ಬೇಕು, ರಜೆ ದೊರೆಯದಿದ್ದರೆ ಕೆಲಸ ಬಿಡಬೇಕು. ಮನೆಯ ಒಲೆ ಅವಳ ಸಂಬಳದಿಂದಲೇ ಉರಿಯುತ್ತಿದ್ದರೆ ಗತಿಯೇನು?

1994ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಈ ಪದವಿಯನ್ನು ದೂರಶಿಕ್ಷಣದ ಮೂಲಕ ಆರಂಭಿಸಿತು. ಇಲ್ಲಿ ಉದ್ಯೋಗವು ವಿಘ್ನವಾಗಿರದೆ ಪ್ರವೇಶದ ಅರ್ಹತೆಯೇ ಆಯಿತು: ದಾದಿಯು ಸೇವೆಯಲ್ಲಿದ್ದು ಅನುಭವ ಪಡೆದಿರಬೇಕು. ವ್ಯಾಸಂಗದ ಅವಧಿ ಮೂರು ವರ್ಷ. ಪುಸ್ತಕಗಳು ಮನೆಗೆ ಬರುತ್ತವೆ, ಪ್ರಾಯೋಗಿಕ ಶಿಕ್ಷಣಕ್ಕೆ ಮಾತ್ರ ಕೇಂದ್ರಕ್ಕೆ ಹೋಗಬೇಕು. ರಾತ್ರಿಪಾಳಿ ಮುಗಿಸಿ ಬಂದು, ಮಕ್ಕಳನ್ನು ಶಾಲೆಗೆ ಕಳುಹಿ, ನಿದ್ದೆಯ ಹೊತ್ತಿನಲ್ಲಿ ಶರೀರಶಾಸ್ತ್ರವನ್ನು ಓದುವವಳ ತಪಸ್ಸು ವ್ಯಾಕರಣ ಸೂತ್ರಗಳನ್ನು ಉರುಹೊಡೆದ ನಮ್ಮ ಪಾಠಶಾಲೆಯ ತಪಸ್ಸಿಗಿಂತ ಕಠಿನವಾದುದು. ನಮಗೆ ರಾತ್ರಿಯಾದರೂ ನಿದ್ದೆಯಿತ್ತು.

ಬಾಗಲಕೋಟೆಯಲ್ಲಿಯೇ ಈಗ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಶುಶ್ರೂಷಾ ಮಹಾವಿದ್ಯಾಲಯವಿದೆ. ಇಳಕಲ್ಲಿನ ಹೆಣ್ಣುಮಕ್ಕಳು ಈ ವಿದ್ಯೆಗಾಗಿ ಮುಂಬಯಿಯ ಕಡೆ ನೋಡಬೇಕಾಗಿಲ್ಲ. ಇನ್ನು ಪರೀಕ್ಷೆಯ ತಿಂಗಳಿನಲ್ಲಿ ರಾತ್ರಿಪಾಳಿಯನ್ನು ಬದಲಿಸಿ ಕೊಡುವುದು ಆಸ್ಪತ್ರೆಗಳನ್ನು ನಡೆಸುವವರ ಕೈಯಲ್ಲಿದೆ.