ಮದ್ದು ಮತ್ತು ಮಾತು: ಅರವಂಕಾಡಿನ ಒಂದು ಪಾಠ

ನಮ್ಮ ಗಡಿನಾಡಿನ ಮನೆಗಳಲ್ಲಿ 'ಮದ್ದು' ಎಂದರೆ ಜ್ವರ ಬಂದಾಗ ಕುಡಿಯುವುದು. ಬಂದೂಕಿಗೆ ತುಂಬುವುದೂ ಮದ್ದೇ. ಮಲಯಾಳದ 'ಮರುನ್ನ್' ಎಂಬ ಪದವೂ ಈ ಎರಡು ಅರ್ಥಗಳನ್ನು ಹೊತ್ತು ನಡೆಯುತ್ತದೆ. ಮನೆಯಲ್ಲಿ ಸಂದರ್ಭ ನೋಡಿ ಅರ್ಥ ಹಿಡಿಯುತ್ತೇವೆ. ಎಡವಟ್ಟಾದರೆ ನಕ್ಕು ಸುಮ್ಮನಾಗುತ್ತೇವೆ. ಆದರೆ ಸಿಡಿಮದ್ದು ತಯಾರಿಸುವ ಊರಿನಲ್ಲಿ ಮಾತಿನ ಅರ್ಥವನ್ನು ಊಹೆಗೆ ಬಿಡುವಂತಿಲ್ಲ.

ಅಂಥ ಊರು ನೀಲಗಿರಿಯ ಅರವಂಕಾಡು. ಮೇಟುಪಾಳ್ಯದಿಂದ ಬೆಟ್ಟ ಹತ್ತುವ ಪುಟ್ಟ ರೈಲು 1899ರಲ್ಲಿ ಕೂನೂರನ್ನು ಮುಟ್ಟಿತು. ಉದಕಮಂಡಲಕ್ಕೆ ಹೋದದ್ದು 1908ರಲ್ಲಿ. ಈ ನಡುವಣ ವರ್ಷಗಳಲ್ಲಿಯೇ ಬ್ರಿಟಿಷ್ ಸರ್ಕಾರ ಕೂನೂರಿನ ಬಳಿಯ ಈ ಕಣಿವೆಯಲ್ಲಿ ಕಾರ್ಡೈಟ್ ಕಾರ್ಖಾನೆಯನ್ನು ಕಟ್ಟಿತು. ಕಾಟೇರಿ ಜಲಪಾತದ ನೀರಿನಿಂದ ಅದಕ್ಕೆ ವಿದ್ಯುತ್ತು ಬಂತು. 2021ರ ಅಕ್ಟೋಬರ್‌ನಿಂದ ಅದು ಮ್ಯೂನಿಷನ್ಸ್ ಇಂಡಿಯಾ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಗೆ ಸೇರಿದೆ.

ಕಾರ್ಡೈಟ್ ಎಂದರೆ ಹೊಗೆ ಕಾರದ ಮದ್ದು. ಹುರಿಯಂತೆ ಉದ್ದಕ್ಕೆ ಎಳೆಯುವುದರಿಂದ ಆ ಹೆಸರು. ಅದರ ಹುಟ್ಟಿನಲ್ಲಿಯೇ ಒಂದು ಮಾತಿನ ಜಗಳವಿದೆ. ಆಲ್‌ಫ್ರೆಡ್ ನೊಬೆಲ್ 1887ರಲ್ಲಿ 'ಬ್ಯಾಲಿಸ್ಟೈಟ್' ಎಂಬ ಮದ್ದನ್ನು ಕಂಡುಹಿಡಿದ. ಅದರ ಪೇಟೆಂಟಿನಲ್ಲಿ, ಎಲ್ಲರೂ ಬಲ್ಲ 'ಕರಗುವ ಬಗೆಯ' ನೈಟ್ರೋಸೆಲ್ಯುಲೋಸ್ ಬಳಸಬೇಕೆಂದು ಬರೆಸಿದ. ಬ್ರಿಟಿಷ್ ಸರ್ಕಾರದ ಸ್ಫೋಟಕ ಸಮಿತಿಗೂ ತನ್ನ ಕೆಲಸದ ವಿವರಗಳನ್ನು ತಿಳಿಸಿದ. ಅದೇ ಸಮಿತಿಯಲ್ಲಿದ್ದ ಫ್ರೆಡರಿಕ್ ಏಬಲ್ ಮತ್ತು ಜೇಮ್ಸ್ ದ್ಯೂಅರ್ 1889ರಲ್ಲಿ ಕಾರ್ಡೈಟಿಗೆ ಪೇಟೆಂಟ್ ಪಡೆದರು. ಅವರು ಬಳಸಿದ್ದು 'ಕರಗದ ಬಗೆ' ಎನಿಸಿಕೊಂಡಿದ್ದ ಗನ್‌ಕಾಟನ್.

ನೊಬೆಲ್ಲನ ಕಂಪನಿ ದಾವೆ ಹೂಡಿತು. ಪ್ರಶ್ನೆ ಸಣ್ಣದು: ಕರಗುವುದು ಎಂದರೆ ಯಾವುದರಲ್ಲಿ ಕರಗುವುದು? ಈಥರ್ ಮತ್ತು ಆಲ್ಕೋಹಾಲ್ ಬೆರೆಸಿದ ದ್ರವದಲ್ಲಿ ಗನ್‌ಕಾಟನ್ ಕರಗದು; ಅಸಿಟೋನಿನಲ್ಲಿ ಕರಗುತ್ತದೆ. ಕಾರ್ಡೈಟ್ ಮಾಡುವುದೇ ಅಸಿಟೋನ್ ಹಾಕಿ. ಆದರೆ ಆ ಕಸುಬಿನವರ ರೂಢಿಯಲ್ಲಿ 'ಕರಗುವ ಬಗೆ' ಎಂದರೆ ಮೊದಲಿನ ದ್ರವದಲ್ಲಿ ಕರಗುವುದು ಎಂದೇ ಅರ್ಥ. ನ್ಯಾಯಾಲಯ ಆ ಅರ್ಥವನ್ನೇ ಹಿಡಿಯಿತು. ಮೊಕದ್ದಮೆ 1895ರಲ್ಲಿ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ ಅಲ್ಲಿಯೂ ನೊಬೆಲ್ ಸೋತ. ಲೋಕಪ್ರಸಿದ್ಧ ರಸಾಯನ ವಿಜ್ಞಾನಿಯನ್ನು ಸೋಲಿಸಿದ್ದು ಒಂದು ವಿಶೇಷಣ.

ಹೆಸರಿನ ತೊಡಕು ಅಷ್ಟಕ್ಕೇ ಮುಗಿಯಲಿಲ್ಲ. ಮೊದಲ ಕಾರ್ಡೈಟಿನಲ್ಲಿ ನೂರಕ್ಕೆ 58 ಪಾಲು ನೈಟ್ರೋಗ್ಲಿಸರಿನ್, 37 ಪಾಲು ಗನ್‌ಕಾಟನ್, 5 ಪಾಲು ವ್ಯಾಸಲಿನ್ ಇತ್ತು. ಅದರ ಕಾವಿಗೆ ತೋಪುಗಳ ನಳಿಗೆ ಬೇಗ ಸವೆಯುತ್ತಿದ್ದುದರಿಂದ ಬೋಯರ್ ಯುದ್ಧದ ಅನುಭವದ ಮೇಲೆ ಪ್ರಮಾಣವನ್ನು 30, 65, 5 ಎಂದು ಬದಲಿಸಿದರು. ಬರೀ 'ಕಾರ್ಡೈಟ್' ಎಂದರೆ ಈಗ ಎರಡು ವಸ್ತು. ಆದ್ದರಿಂದ ಹೊಸದಕ್ಕೆ 'ಎಂ.ಡಿ.' ಎಂಬ ಗುರುತು ಸೇರಿಸಿದರು. ಹುರಿಯ ದಪ್ಪವನ್ನು 'ಸಣ್ಣದು, ದೊಡ್ಡದು' ಎನ್ನದೆ, ಅಚ್ಚಿನ ತೂತು ಇಂಚಿನ ನೂರನೇ ಎಷ್ಟು ಭಾಗವೆಂಬ ಅಂಕಿಯಿಂದಲೇ ಕರೆದರು. ಅಂಕಿಗೆ ಅರ್ಥ ಒಂದೇ.

ಆದರೆ ಕೆಲಸದವರ ನಾಲಿಗೆಗೆ ಅಂಕಿ ಮಾತ್ರ ಸಾಲದಲ್ಲ! ಅರವಂಕಾಡಿನ ಸುತ್ತ ಬಡಗರ ಹಟ್ಟಿಗಳಿವೆ. 'ಬಡಗ' ಎಂದರೆ ಬಡಗಣ ದಿಕ್ಕಿನಿಂದ ಬಂದವನು. ಆ ನುಡಿ ಕನ್ನಡದ ಒಡಹುಟ್ಟು, ಜನಗಣತಿ ಅದನ್ನು ಕನ್ನಡದ ಅಡಿಯಲ್ಲಿಯೇ ಎಣಿಸಿದೆ. ಜೊತೆಗೆ ತಮಿಳು, ಮಲಯಾಳ, ಇಂಗ್ಲಿಷು. ದೂರದ ಭಾಷೆ ಅರ್ಥವಾಗದಿದ್ದರೆ ಕೇಳುತ್ತೇವೆ. ನೆರೆಯ ಭಾಷೆ ಅರ್ಥವಾದಂತೆ ಅನಿಸುವುದರಿಂದ ಕೇಳುವುದಿಲ್ಲ. ಅಪಾಯವಿರುವುದು ಅಲ್ಲಿಯೇ. ಮಲಯಾಳದವರು 'ವೆಳ್ಳಂ' ಎಂದರೆ ನೀರು, ತಮಿಳರಿಗೆ ಅದು ನೆರೆ. ತಮಿಳರ 'ತಣ್ಣೀರ್' ಬರೀ ನೀರು, ನಮಗೆ ತಣ್ಣಗಿನ ನೀರು. 'ಈ ಕೆಲಸಕ್ಕೆ ಅವಸರವಿಲ್ಲ' ಎಂದು ನಾವು ಹೇಳಿದರೆ, ಮಲಯಾಳಿಗೆ ಅವಕಾಶವಿಲ್ಲವೆಂದೂ ತೆಲುಗರಿಗೆ ಬೇಕಾಗಿಲ್ಲವೆಂದೂ ಕೇಳಿಸೀತು.

ಇದಕ್ಕೆ ಕಾನೂನು ಏನು ಮಾಡಿತು? 1948ರ ಕಾರ್ಖಾನೆಗಳ ಕಾಯಿದೆಯ 108ನೇ ಕಲಮು, ಕಾಯಿದೆಯಂತೆ ತೂಗುಹಾಕಬೇಕಾದ ಸೂಚನೆಗಳು ಇಂಗ್ಲಿಷಿನಲ್ಲಿಯೂ, ಕೆಲಸಗಾರರಲ್ಲಿ ಬಹುಸಂಖ್ಯಾತರಿಗೆ ತಿಳಿಯುವ ಭಾಷೆಯಲ್ಲಿಯೂ ಇರಬೇಕೆಂದು ವಿಧಿಸಿತ್ತು. ಒಳ್ಳೆಯ ನಿಯಮವೇ. ಆದರೆ 'ಬಹುಸಂಖ್ಯಾತ' ಎಂಬ ಪದದ ಹೊರಗೆ ಉಳಿದವನ ಕೈಯೂ ಅದೇ ಯಂತ್ರದ ಮೇಲಿರುತ್ತದೆ. 1956ರಿಂದ ಅಲ್ಪಸಂಖ್ಯಾತರಾಗಿ ಬಾಳಿದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಓದಲು ಬಾರದ ಲಿಪಿಯ ಎಚ್ಚರಿಕೆ ಗೋಡೆಯ ಮೇಲಿನ ಅಲಂಕಾರವಷ್ಟೆ. ಲೋಕವೂ ಇದನ್ನು ಮನಗಂಡು, ವಿಶ್ವಸಂಸ್ಥೆ 2003ರಲ್ಲಿ ಪ್ರಕಟಿಸಿದ ಏಕರೂಪ ಪದ್ಧತಿಯಲ್ಲಿ ಸಿಡಿಯುವ ಗುಂಡು, ಉರಿಯುವ ಜ್ವಾಲೆಗಳ ಚಿತ್ರಗಳನ್ನೇ ಗುರುತಾಗಿ ಸೇರಿಸಿತು.

ಚಿತ್ರ 'ಅಪಾಯ' ಎನ್ನುತ್ತದೆ. ಏನು ಮಾಡಬೇಕೆಂಬುದನ್ನು ಮನುಷ್ಯನೇ ಹೇಳಬೇಕು. ನಮ್ಮ ಮಕ್ಕಳು ಮಂಗಳೂರಿಗೂ ಕೋಯಿಕ್ಕೋಡಿಗೂ ಗಲ್ಫಿಗೂ ದುಡಿಯಲು ಹೋಗುತ್ತಾರೆ. ಬುತ್ತಿಯ ಜೊತೆ ಎರಡು ಮಾತು ಕಟ್ಟಿಕೊಡೋಣ: ಹೇಳಿದ್ದನ್ನು ನಿನ್ನ ಮಾತಿನಲ್ಲಿ ತಿರುಗಿ ಹೇಳಿ ಸರಿಯೇ ಎಂದು ಕೇಳು; ತಿಳಿಯದಿದ್ದರೆ 'ಹಾಗೆಂದರೆ ಏನು?' ಎನ್ನಲು ನಾಚಬೇಡ. ನೊಬೆಲ್ಲನ ಪೇಟೆಂಟು ಬರೆಯುವಾಗ ಯಾರಾದರೂ 'ಯಾವುದರಲ್ಲಿ ಕರಗುವುದು?' ಎಂದು ಕೇಳಿದ್ದರೆ, ಆ ಮೊಕದ್ದಮೆಯ ಗತಿಯೇ ಬೇರೆಯಾಗುತ್ತಿತ್ತೋ ಏನೋ.