ಕ್ಲೌಡ್ ಸಂಗ್ರಹ, ಮೊಬೈಲ್ ಸಾಧನ ಮತ್ತು ವೈಯಕ್ತಿಕ ಗಣಕ: ಬೀದರ್, ಭಾಲ್ಕಿ, ಔರಾದ

ಕ್ಲೌಡ್ ಸಂಗ್ರಹವೆಂದರೆ ಬಳಕೆದಾರನು ತನ್ನ ಕಡತ, ಚಿತ್ರ, ದಾಖಲೆಗಳನ್ನು ಸ್ವಂತ ಯಂತ್ರದ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇಟ್ಟುಕೊಳ್ಳದೆ, ದೂರದ ದತ್ತಾಂಶ ಕೇಂದ್ರಗಳ ಸರ್ವರುಗಳಲ್ಲಿ ಇರಿಸಿ, ಅಂತರಜಾಲದ ಮೂಲಕ ಯಾವ ಸಾಧನದಿಂದಲಾದರೂ ತೆರೆದು ನೋಡುವ ವ್ಯವಸ್ಥೆ. ಬೇರೆ ಯಂತ್ರಗಳ ಕೋರಿಕೆಗಳಿಗೆ ಉತ್ತರಿಸುತ್ತ ಹಗಲಿರುಳು ಚಾಲೂ ಇರುವ ಗಣಕಕ್ಕೆ ಸರ್ವರ್ ಎಂದೂ, ಅಂಥ ಸಾವಿರಾರು ಗಣಕಗಳನ್ನು ವಿದ್ಯುತ್ತು, ತಂಪು ಮತ್ತು ಕಾವಲಿನ ಏರ್ಪಾಡಿನೊಂದಿಗೆ ಕೂಡಿಸಿದ ಕಟ್ಟಡಕ್ಕೆ ದತ್ತಾಂಶ ಕೇಂದ್ರವೆಂದೂ ಹೆಸರು. ಕಡತವು ಯಂತ್ರವನ್ನು ಬಿಟ್ಟು ಹೊರಟ ಮೇಲೆ ಮೇಜಿನ ಮೇಲಿನ ವೈಯಕ್ತಿಕ ಗಣಕಕ್ಕೆ ಉಳಿಯುವ ಕೆಲಸವೇನು ಎಂಬ ಪ್ರಶ್ನೆ ಈ ವ್ಯವಸ್ಥೆಯ ಜೊತೆಗೇ ಹುಟ್ಟಿತು. ಕರ್ನಾಟಕದ ಉತ್ತರ ತುದಿಯಲ್ಲಿರುವ ಬೀದರ್, ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಮಟ್ಟಿಗೆ ಈ ಪ್ರಶ್ನೆಯನ್ನು ಯಂತ್ರಗಳ ಮಾರಾಟದ ಲೆಕ್ಕಕ್ಕಿಂತ ಪಹಣಿ (ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ) ಮತ್ತು ಬರವಣಿಗೆಯ ಲಿಪಿಗಳ ಮೂಲಕ ನೋಡುವುದು ಹೆಚ್ಚು ಉಪಯುಕ್ತ. ಏಕೆಂದರೆ ಸ್ವಂತ ಗಣಕವಿಲ್ಲದ ಇಲ್ಲಿಯ ಬಹುಪಾಲು ಒಕ್ಕಲು ಕುಟುಂಬಗಳಿಗೆ ಗಣಕದೊಳಗೆ ಸೇರಿದ ಮೊದಲ ಸ್ವಂತ ಕಡತವೆಂದರೆ ಪಹಣಿಯೇ.

ಹಿನ್ನೆಲೆ

ಐಬಿಎಂ ಸಂಸ್ಥೆ 1981ರ ಆಗಸ್ಟಿನಲ್ಲಿ ಹೊರತಂದ ವೈಯಕ್ತಿಕ ಗಣಕದಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಅದರ ಫ್ಲಾಪಿಯೊಂದರಲ್ಲಿ 160 ಕಿಲೋಬೈಟ್ ಮಾಹಿತಿ ಹಿಡಿಯುತ್ತಿತ್ತು. 1983ರ ಎಕ್ಸ್‌ಟಿ ಮಾದರಿಯಲ್ಲಿ 10 ಮೆಗಾಬೈಟಿನ ಡಿಸ್ಕು ಪೆಟ್ಟಿಗೆಯೊಳಗೇ ಕೂತಿತು, ಅಲ್ಲಿಂದ ಸುಮಾರು ಎರಡೂವರೆ ದಶಕಗಳ ಕಾಲ ಕಡತದ ಒಡೆತನವೂ ಯಂತ್ರದ ಒಡೆತನವೂ ಒಂದೇ ಆಗಿದ್ದವು. ಅಮೆಜಾನ್ 2006ರಲ್ಲಿ ಎಸ್3 ಎಂಬ ಬಾಡಿಗೆ ಸಂಗ್ರಹವನ್ನು ತೆರೆದ ಮೇಲೆ ಡ್ರಾಪ್‌ಬಾಕ್ಸ್ (2008), ಐಕ್ಲೌಡ್ (2011), ಗೂಗಲ್ ಡ್ರೈವ್ (2012) ಒಂದರ ಹಿಂದೊಂದು ಬಂದವು. ಭಾರತ ಸರ್ಕಾರವು ತನ್ನ ಇಲಾಖೆಗಳ ಬಳಕೆಗಾಗಿ 2014ರಲ್ಲಿ ಮೇಘರಾಜ್ ಎಂಬ ಕ್ಲೌಡ್ ವ್ಯವಸ್ಥೆಯನ್ನು ಆರಂಭಿಸಿತು.

ಇಂಥ ಸಂಗ್ರಹದಲ್ಲಿ ಒಂದೇ ಕಡತದ ಹಲವು ಪ್ರತಿಗಳನ್ನು ಬೇರೆ ಬೇರೆ ಕಟ್ಟಡಗಳಲ್ಲಿ ಇರಿಸುವುದು ವಾಡಿಕೆ. ಹಾಗೆ ಮಾಡದಿದ್ದರೆ ಕ್ಲೌಡ್ ಎಂಬುದು ಬೇರೊಬ್ಬರ ಒಂದು ಡಿಸ್ಕಿಗಿಂತ ಹೆಚ್ಚೇನೂ ಆಗದೆಂಬುದನ್ನು 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬಿದ್ದ ಬೆಂಕಿ ತೋರಿಸಿತು. ಬೇರೆಡೆ ಪ್ರತಿಯಿಲ್ಲದ, ಸರ್ಕಾರಿ ನೌಕರರ ಸುಮಾರು 858 ಟೆರಾಬೈಟ್ ಕಡತಗಳು ಅದರಲ್ಲಿ ನಾಶವಾದವು.

ಪಹಣಿಯ ಪಯಣ

ಬೀದರ್ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಹೈದರಾಬಾದಿನ ಆಡಳಿತದಲ್ಲಿತ್ತು. ಆದ್ದರಿಂದ ಇಲ್ಲಿಯ ಹಳೆಯ ಕಂದಾಯ ಕಡತಗಳಲ್ಲಿ ಉರ್ದು ಬರಹವೂ ಫಸಲಿ ಎಂಬ ಕಂದಾಯ ವರ್ಷದ ಲೆಕ್ಕವೂ ಕಾಣುತ್ತವೆ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಸ್ಥೂಲವಾಗಿ ಕ್ರಿಸ್ತಶಕದ ವರ್ಷ ಸಿಗುತ್ತದೆ. ಪಹಣಿಯಲ್ಲಿ ಸರ್ವೆ ನಂಬರು, ಎಕರೆ-ಗುಂಟೆಗಳಲ್ಲಿ ವಿಸ್ತೀರ್ಣ, ಹಕ್ಕುದಾರನ ಹೆಸರು, ಜಮೀನಿನ ಮೇಲಿನ ಸಾಲ, ಬೆಳೆಯ ವಿವರ ಇರುತ್ತವೆ. ಈ ಪುಸ್ತಕಗಳು ಮೊದಲು ಪಟವಾರಿಯ, ಆಮೇಲೆ ಗ್ರಾಮ ಲೆಕ್ಕಿಗನ ವಶದಲ್ಲಿದ್ದವು, ಮತ್ತು ಬ್ಯಾಂಕಿನ ಸಾಲಕ್ಕಾಗಲಿ ಕೋರ್ಟಿನ ಕೆಲಸಕ್ಕಾಗಲಿ ಪ್ರತಿ ಬೇಕಾದವನು ಆ ಒಬ್ಬನನ್ನೇ ಹುಡುಕಿಕೊಂಡು ಹೋಗಬೇಕಿತ್ತು.

ಭೂದಾಖಲೆಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರವು 1980ರ ದಶಕದ ಕೊನೆಯಲ್ಲಿ ಯೋಜನೆ ರೂಪಿಸಿತು. ಕರ್ನಾಟಕದಲ್ಲಿ ಅದರ ಮೊದಲ ಪ್ರಯೋಗ ನಡೆದದ್ದು 1991ರಲ್ಲಿ, ಬೀದರಿನ ನೆರೆಯ ಗುಲ್ಬರ್ಗ ಜಿಲ್ಲೆಯಲ್ಲಿ. 1996ರ ಹೊತ್ತಿಗೆ ರಾಜ್ಯದ ಎಲ್ಲ ಜಿಲ್ಲೆಗಳಿಗೂ ಮಂಜೂರಾತಿ ದೊರೆತಿತ್ತು. ಆದರೂ ಪ್ರಯೋಗ ಫಲ ಕೊಡಲಿಲ್ಲ, ಮತ್ತು ಅದರ ಕಾರಣವು ಈ ಲೇಖನದ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಹಕ್ಕು ಬದಲಾವಣೆಯ ಕೆಲಸ ನಡೆಯುತ್ತಿದ್ದುದು ತಾಲ್ಲೂಕು ಮಟ್ಟದಲ್ಲಿ, ಅಲ್ಲಿ ಗಣಕಗಳನ್ನು ಕೂರಿಸಲು ಯೋಜನೆಯಲ್ಲಿ ಅವಕಾಶವಿರಲಿಲ್ಲ. ಹೀಗಾಗಿ ಒಮ್ಮೆ ಗಣಕಕ್ಕೇರಿಸಿದ ಮಾಹಿತಿಯು ತಾಲ್ಲೂಕಿನ ಕಾಗದದಲ್ಲಿ ಆಗುತ್ತಿದ್ದ ಬದಲಾವಣೆಗಳಿಂದ ದಿನೇದಿನೇ ದೂರವಾಗಿ ಹಳತಾಗುತ್ತಿತ್ತು.

ಈ ದೋಷವನ್ನು ತಿದ್ದಿದ್ದು ‘ಭೂಮಿ’ ಯೋಜನೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ತಂತ್ರಾಂಶದೊಂದಿಗೆ, 1990ರ ದಶಕದ ಕೊನೆಯಿಂದ ಕೆಲವೇ ವರ್ಷಗಳಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೇರಿಸಲಾಯಿತು. ಬೀದರ್, ಭಾಲ್ಕಿ, ಔರಾದಗಳೂ ಸೇರಿದಂತೆ ಅಂದಿನ 177 ತಾಲ್ಲೂಕುಗಳಲ್ಲಿ ಭೂಮಿ ಕೇಂದ್ರಗಳು ತೆರೆದವು. 15 ರೂಪಾಯಿ ಕೊಟ್ಟ ರೈತನಿಗೆ ಮುದ್ರಿತ ಪಹಣಿ ಸಿಗುತ್ತಿತ್ತು. ಸಿಬ್ಬಂದಿ ಏನು ತೆರೆದಿದ್ದಾನೆಂಬುದು ಕಾಣುವಂತೆ ರೈತನ ಕಡೆಗೆ ತಿರುಗಿಸಿದ ಎರಡನೆಯ ಪರದೆಯೊಂದಿರುತ್ತಿತ್ತು, ಮತ್ತು ಬದಲಾವಣೆ ಮಾಡುವ ಅಧಿಕಾರಿ ಬೆರಳಚ್ಚು ಕೊಟ್ಟೇ ತಂತ್ರಾಂಶದೊಳಗೆ ಹೋಗಬೇಕಿತ್ತು. ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಯ ಮಾನ್ಯತೆಯನ್ನು ರದ್ದುಪಡಿಸಲಾಯಿತು. ಯೋಜನೆಯ ಯಶಸ್ಸಿಗೆ ತಂತ್ರಜ್ಞಾನದಷ್ಟೇ ಈ ರದ್ದತಿಯೂ ಕಾರಣವೆಂದು ಹೇಳಬಹುದು. ಎರಡೂ ಬಗೆಯ ಪಹಣಿ ನಡೆಯುವಂತಿದ್ದರೆ ಗಣಕದ ಪ್ರತಿ ಗುಲ್ಬರ್ಗದ ಹಾದಿಯನ್ನೇ ಹಿಡಿಯುತ್ತಿತ್ತು.

ಆರಂಭದಲ್ಲಿ ಭಾಲ್ಕಿಯ ದತ್ತಾಂಶ ಭಾಲ್ಕಿಯ ಸರ್ವರಿನಲ್ಲೇ, ಔರಾದದ್ದು ಔರಾದದಲ್ಲೇ ಇತ್ತು. ರಾಜ್ಯವ್ಯಾಪಿ ಜಾಲ ತಾಲ್ಲೂಕುಗಳನ್ನು ಮುಟ್ಟಿದ ಮೇಲೆ ದತ್ತಾಂಶವೆಲ್ಲ ಸುಮಾರು 700 ಕಿಲೋಮೀಟರ್ ದೂರದ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸಾಗಿತು. ತಾಲ್ಲೂಕಿನ ಗಣಕ ಅಲ್ಲಿಗೆ ಇಣುಕುವ ಪರದೆಯೂ ಬರೆಯುವ ಕೀಲಿಮಣೆಯೂ ಆಗಿ ಉಳಿಯಿತು. ಹೊರಗಿನಿಂದ ನೋಡುವವರಿಗೆ ಮೇಜು, ಯಂತ್ರ, ಸರದಿ ಎಲ್ಲವೂ ಮೊದಲಿನಂತೆಯೇ ಇದ್ದುದರಿಂದ ಈ ಸ್ಥಳಾಂತರ ಹೆಚ್ಚಿನ ಗಮನ ಸೆಳೆಯಲಿಲ್ಲ. ಪರಿಣಾಮಗಳು ಮಾತ್ರ ದೊಡ್ಡವು. ಕಡತವು ತಾಲ್ಲೂಕಿಗೆ ಅಂಟಿಕೊಂಡಿರದ ಕಾರಣ 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳೆಂಬ ಹೆಸರು ಪಡೆದ ಹೋಬಳಿ ಮಟ್ಟದ ನಾಡಕಚೇರಿಗಳಲ್ಲೂ, ಆಮೇಲೆ ಗ್ರಾಮ ಒನ್ ಕೇಂದ್ರಗಳಲ್ಲೂ, ಕೊನೆಗೆ ಮನೆಯ ಮೊಬೈಲಿನಲ್ಲೂ ಪಹಣಿ ನೋಡುವುದು ಸಾಧ್ಯವಾಯಿತು. ಔರಾದದಿಂದ ಕಮಲನಗರ ಬೇರೆ ತಾಲ್ಲೂಕಾದಾಗ ಆದಂತಹ ವಿಭಜನೆಯಲ್ಲಿ ಕಾಗದದ ಕಡತಗಳನ್ನು ಊರೂರಿನ ಲೆಕ್ಕದಲ್ಲಿ ಬೇರ್ಪಡಿಸಿ ಸಾಗಿಸಬೇಕಾಗುತ್ತದೆ. ದತ್ತಾಂಶದಲ್ಲಿ ಆ ಕೆಲಸ ಬಹುಮಟ್ಟಿಗೆ ಸಂಕೇತಗಳ ಬದಲಾವಣೆಯಲ್ಲಿ ಮುಗಿಯುತ್ತದೆ. ತೊಂದರೆಯ ಸ್ವರೂಪವೂ ಬದಲಾಯಿತು. ಹಿಂದೆ ಡಿಸ್ಕು ಕೆಟ್ಟರೆ ಒಂದು ತಾಲ್ಲೂಕಿನ ಕೆಲಸ ನಿಲ್ಲುತ್ತಿತ್ತು. ಈಗ ‘ಸರ್ವರ್ ಡೌನ್’ ಎಂಬ ಮಾತು ಬಂದ ದಿನ ಬೀದರಿನಿಂದ ಚಾಮರಾಜನಗರದವರೆಗೆ ಒಟ್ಟಿಗೇ ನಿಲ್ಲಬಹುದು.

ತಾಲ್ಲೂಕು ಕಚೇರಿಗಳ ಅಭಿಲೇಖಾಲಯದಲ್ಲಿರುವ ಮೂಲ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂಸುರಕ್ಷಾ’ ಯೋಜನೆಯನ್ನು ಕಂದಾಯ ಇಲಾಖೆ 2024ರಲ್ಲಿ ಆರಂಭಿಸಿತು. ಬೀದರ್ ಜಿಲ್ಲೆಯಂತಹ ಪ್ರದೇಶಕ್ಕೆ ಇದರಲ್ಲಿ ಒಂದು ವಿಶೇಷ ಮಿತಿಯಿದೆ: ಕೈಬರಹದ ಉರ್ದು ಹಾಳೆಯ ಚಿತ್ರವು ಸುರಕ್ಷಿತವಾಗಿ ಉಳಿಯುತ್ತದೆಯಾದರೂ ಅದರೊಳಗಿನ ಹೆಸರನ್ನು ಗಣಕ ಹುಡುಕಿಕೊಡಲಾರದು. ಓದಬಲ್ಲವರು ಓದಿ ಸೂಚಿ ಬರೆಯುವವರೆಗೆ ಅದು ಚಿತ್ರವೇ.

ಲಿಪಿಯ ತೊಡಕು

ಕ್ಲೌಡಿಗೆ ಕಡತ ಕಳುಹಿಸುವುದು ಸುಲಭ. ಅದು ಇನ್ನೊಂದು ಸಾಧನದಲ್ಲಿ ಓದಲು ಬರಬೇಕಾದರೆ ಎರಡೂ ಕಡೆ ಅಕ್ಷರಕ್ಕೆ ಒಂದೇ ಸಂಖ್ಯೆ ಇರಬೇಕು. ಭಾರತೀಯ ಲಿಪಿಗಳಿಗೆಂದು ರೂಪಿಸಿದ ಇಸ್ಕಿ ಎಂಬ ಮಾನಕ 1991ರಲ್ಲಿ ಅಂಗೀಕಾರವಾಗಿತ್ತು, ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೂ ಸ್ಥಾನ ಸಿಕ್ಕಿತ್ತು. ಆದರೆ ಅಂಗಡಿ, ಕಚೇರಿ, ಮುದ್ರಣಾಲಯಗಳಲ್ಲಿ ನೆಲೆಯೂರಿದ್ದು ಬೇರೆಯೇ ಪದ್ಧತಿ. ನುಡಿ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಪುಣೆಯ ಶ್ರೀಲಿಪಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಒತ್ತು, ತಲೆಕಟ್ಟು, ಗುಣಿತದ ತುಂಡುಗಳು ಬಿಡಿಬಿಡಿಯಾಗಿ ಶೇಖರವಾಗಿ, ಅದೇ ಫಾಂಟ್ ಇರುವ ಯಂತ್ರದಲ್ಲಿ ಮಾತ್ರ ಕೂಡಿ ಅಕ್ಷರವಾಗುತ್ತಿದ್ದವು. ಫಾಂಟಿಲ್ಲದ ಕಡೆ ಅರ್ಥವಿಲ್ಲದ ರೋಮನ್ ಗುರುತುಗಳ ಸಾಲು ಕಾಣುತ್ತಿತ್ತು. ಹೀಗೆ ಕಡತವು ಯಂತ್ರಕ್ಕೆ ಕಟ್ಟುಬಿದ್ದಿತ್ತು, ಅದನ್ನು ಪೆನ್ ಡ್ರೈವಿನಲ್ಲಿ ಒಯ್ದವರು ಫಾಂಟನ್ನೂ ಜೊತೆಗೊಯ್ಯಬೇಕಿತ್ತು.

ಬೀದರ್ ಜಿಲ್ಲೆಯಲ್ಲಿ ಈ ತೊಡಕು ಒಂದು ಲಿಪಿಗೆ ನಿಲ್ಲಲಿಲ್ಲ. ಬೀದರ್ ನಗರದಲ್ಲಿ ಉರ್ದುವಿಗೂ, ಭಾಲ್ಕಿ ಮತ್ತು ಔರಾದ ಭಾಗದಲ್ಲಿ ಮರಾಠಿಗೂ ಗಣನೀಯ ಬಳಕೆಯಿರುವುದರಿಂದ ಲಗ್ನಪತ್ರಿಕೆ, ಕರಪತ್ರ, ಶಾಲಾ ಪ್ರಶ್ನೆಪತ್ರಿಕೆಗಳು ಮೂರು ಲಿಪಿಗಳಲ್ಲಿ ಬೇಕಾಗುತ್ತವೆ. ಉರ್ದುವಿನ ನಸ್ತಲೀಖ್ ಬರಹದಲ್ಲಿ ಅಕ್ಷರಗಳು ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುವುದರಿಂದ ಅದಕ್ಕೆ 1990ರ ದಶಕದಲ್ಲಿ ಬಂದ ಇನ್‌ಪೇಜ್ ತಂತ್ರಾಂಶವೇ ಆಧಾರವಾಯಿತು; ಅದರ ಕಡತವೂ ಮೊಬೈಲಿನಲ್ಲಿ ನೇರವಾಗಿ ತೆರೆಯದು. ಇಂಥ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಹಳೆಯ ಗಣಕಗಳು ಇನ್ನೂ ಉಳಿದಿದ್ದರೆ ಅದಕ್ಕೆ ಮಾಲೀಕರ ಹಿಂಜರಿಕೆಗಿಂತ ಈ ಫಾಂಟುಗಳಲ್ಲಿ ಸಿಕ್ಕಿಕೊಂಡ ವರ್ಷಗಳ ಕೆಲಸವೇ ಮುಖ್ಯ ಕಾರಣವಿರಬಹುದು.

ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡವನ್ನು ತಂದಿತು. ಆಂಡ್ರಾಯ್ಡ್ 2012ರ 4.1 ಆವೃತ್ತಿಯಲ್ಲಿ ಕನ್ನಡಕ್ಕೆ ಬೆಂಬಲ ಕೊಟ್ಟಿತು. ಯೂನಿಕೋಡನ್ನು ಜಾಲದಲ್ಲಿ ಸಾಗಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ತಗಲುತ್ತದೆ: ‘ಔರಾದ’ ಎಂಬಲ್ಲಿ ನಾಲ್ಕು ಸಂಕೇತಗಳಿದ್ದು 12 ಬೈಟ್, ‘ಬೀದರ್’ ಎಂಬಲ್ಲಿ ಐದಿದ್ದು 15 ಬೈಟ್, ಅರ್ಧಾಕ್ಷರದ ಗುರುತೂ ಸೇರಿ ‘ಭಾಲ್ಕಿ’ಗೆ 18 ಬೈಟ್. ಫ್ಲಾಪಿಯ ಕಾಲದಲ್ಲಿ ಇದು ದುಬಾರಿ ಎನಿಸುತ್ತಿತ್ತು. ಒಂದೇ ಛಾಯಾಚಿತ್ರ ಕೆಲವು ಮೆಗಾಬೈಟ್ ತೂಗುವ ಈ ಕಾಲದಲ್ಲಿ ಅದು ಲೆಕ್ಕಕ್ಕಿಲ್ಲ. ಪ್ರತಿಯಾಗಿ ಸಿಕ್ಕಿದ್ದು ಹುಡುಕುವ, ಅಕಾರಾದಿಯಾಗಿ ಜೋಡಿಸುವ, ಯಾವ ಪರದೆಯಲ್ಲೂ ಓದುವ ಸೌಲಭ್ಯ. ಕನ್ನಡ ಕಡತಗಳ ಮಟ್ಟಿಗೆ ಕ್ಲೌಡ್ ಸಂಗ್ರಹದ ನಿಜವಾದ ಆರಂಭವನ್ನು ಸಂಗ್ರಹ ಸೇವೆಗಳ ವರ್ಷಗಳಿಂದ ಎಣಿಸುವುದಕ್ಕಿಂತ ಮೊಬೈಲಿಗೆ ಯೂನಿಕೋಡ್ ಕನ್ನಡ ಬಂದ ಕಾಲದಿಂದ ಎಣಿಸುವುದು ಸರಿಯೆನಿಸುತ್ತದೆ.

ಮೊಬೈಲ್ ಸಾಧನಗಳು

ಜಿಯೊ ಸೇವೆ 2016ರ ಸೆಪ್ಟೆಂಬರಿನಲ್ಲಿ ಆರಂಭವಾಗಿ ಡೇಟಾದ ಬೆಲೆ ಕುಸಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಜಗತ್ತಿನಾದ್ಯಂತ ಜಾಲತಾಣಗಳ ವೀಕ್ಷಣೆಯಲ್ಲಿ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳು ಮೇಜಿನ ಗಣಕಗಳನ್ನು ಹಿಂದಿಕ್ಕಿದವೆಂದು ಸ್ಟ್ಯಾಟ್‌ಕೌಂಟರ್ ಸಂಸ್ಥೆ ದಾಖಲಿಸಿತು. ಕರೆಂಟು ಹೋದಾಗ ಯುಪಿಎಸ್ ಬೇಡದ ಯಂತ್ರವೆಂಬುದೂ ಹಳ್ಳಿಗಳಲ್ಲಿ ಮೊಬೈಲಿನ ಗೆಲುವಿಗೆ ಸಣ್ಣ ಕಾರಣವಲ್ಲ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್, 2020ರಿಂದ ರೈತರೇ ತಮ್ಮ ಬೆಳೆಯ ಚಿತ್ರ ತೆಗೆದು ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್‌ಗಳು ಹೊಲದಲ್ಲೇ ಕೆಲಸ ಮಾಡುವಂಥವು. ಮೇಜಿನ ಗಣಕ ಅಲ್ಲಿಗೆ ಹೋಗಲಾರದು. 2015ರಲ್ಲಿ ಆರಂಭವಾದ ಡಿಜಿಲಾಕರ್‌ನಲ್ಲಿ ಇಲಾಖೆಗಳು ನೀಡಿದ ದಾಖಲೆಗಳಿಗೆ ಮೂಲ ಪ್ರತಿಯ ಸಮಾನ ಮಾನ್ಯತೆಯಿದೆ.

ಆದರೂ ಮೊಬೈಲಿನಲ್ಲಿ ನೋಡುವುದು ಎಷ್ಟು ಸುಲಭವೋ ದೀರ್ಘವಾಗಿ ಬರೆಯುವುದು, ತಿದ್ದುವುದು, ಕೋಷ್ಟಕ ತುಂಬುವುದು ಅಷ್ಟೇ ಕಷ್ಟ. ಹಲವಾರು ಆ್ಯಪ್‌ಗಳ ಮೂಲಕ ಕೆಲಸ ಮಾಡಬೇಕಾಗಿದ್ದ ಗ್ರಾಮ ಆಡಳಿತ ಅಧಿಕಾರಿಗಳು 2024ರ ಸೆಪ್ಟೆಂಬರಿನಲ್ಲಿ ರಾಜ್ಯವ್ಯಾಪಿ ಮುಷ್ಕರಕ್ಕಿಳಿದಾಗ ಅವರ ಬೇಡಿಕೆಗಳಲ್ಲಿ ಲ್ಯಾಪ್‌ಟಾಪ್ ಕೂಡ ಇತ್ತು. ವೈಯಕ್ತಿಕ ಗಣಕದ ಅಂತ್ಯವನ್ನು ಘೋಷಿಸುವ ಬರಹಗಳ ನಡುವೆ ಈ ಬೇಡಿಕೆಗೆ ಸಿಗಬೇಕಾದ ತೂಕ ಸಿಕ್ಕಿಲ್ಲ.

ವೈಯಕ್ತಿಕ ಗಣಕದ ಮುಂದಿನ ನೆಲೆ

ಜಾಲಕ್ಕೆ ಜೋಡಿಸಿದ ಅಗ್ಗದ ಯಂತ್ರವೊಂದು ಗಣಕವನ್ನು ಮೂಲೆಗುಂಪಾಗಿಸುವುದೆಂದು ಒರೇಕಲ್ ಸಂಸ್ಥೆ 1990ರ ದಶಕದ ನಡುವಿನಲ್ಲೇ ಸಾರಿತ್ತು, ಹಾಗಾಗಲಿಲ್ಲ. ಗಣಕಗಳ ಜಾಗತಿಕ ಮಾರಾಟ 2011ರಲ್ಲಿ ಶಿಖರ ಮುಟ್ಟಿ ಇಳಿಯಿತು, ಕೋವಿಡ್ ಕಾಲದಲ್ಲಿ ಮನೆಯಿಂದಲೇ ನಡೆದ ಪಾಠ ಮತ್ತು ಕಚೇರಿ ಕೆಲಸಗಳಿಂದ ಮತ್ತೆ ಏರಿತು. ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದು, ವಿಂಡೋಸ್ 11ರ ಷರತ್ತು ಪೂರೈಸದ ಹಳೆಯ ಯಂತ್ರಗಳು ಕೆಡದೆಯೇ ನಿರುಪಯುಕ್ತವಾಗುವ ಸ್ಥಿತಿ ಬಂದಿದೆ.

ಮೇಲಿನ ಮೂರು ತಾಲ್ಲೂಕುಗಳ ಸಂದರ್ಭದಲ್ಲಿ ಗಣಕವು ಅಳಿಯುವುದಕ್ಕಿಂತ ವೈಯಕ್ತಿಕ ಸ್ವರೂಪವನ್ನು ಕಳೆದುಕೊಳ್ಳುವ ಸಾಧ್ಯತೆ ಹೆಚ್ಚು. ಮನೆಯಲ್ಲಿ ಮೊಬೈಲ್, ಪೇಟೆಯಲ್ಲಿ ಝೆರಾಕ್ಸ್ ಅಂಗಡಿ ಅಥವಾ ಆನ್‌ಲೈನ್ ಸೆಂಟರಿನ ಗಣಕ ಎಂಬ ಹಂಚಿಕೆ ಈಗಾಗಲೇ ರೂಢಿಯಲ್ಲಿದೆ: ಗ್ರಾಹಕನು ವಾಟ್ಸ್ಆ್ಯಪಿನಲ್ಲಿ ಕಡತ ಕಳುಹಿಸುತ್ತಾನೆ, ಅಂಗಡಿಯವನು ಅರ್ಜಿ ತುಂಬಿ ಪ್ರಿಂಟ್ ತೆಗೆದುಕೊಡುತ್ತಾನೆ. ಆಧಾರ್, ಜಾತಿ ಪ್ರಮಾಣಪತ್ರ, ಅಂಕಪಟ್ಟಿಗಳ ಪ್ರತಿ ಹೀಗೆ ಅಂಗಡಿಯ ಡಿಸ್ಕಿನಲ್ಲಿ ಉಳಿದುಬಿಡುವುದು ಗೋಪ್ಯತೆಯ ದೃಷ್ಟಿಯಿಂದ ದೂರದ ಸರ್ವರಿಗಿಂತ ಹತ್ತಿರದ ಅಪಾಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ದತ್ತಾಂಶ ಬಳಸುವವರ ಹೊಣೆಯನ್ನು ನಿಗದಿಪಡಿಸಿದೆಯಾದರೂ, ಇಷ್ಟು ಚಿಕ್ಕ ಅಂಗಡಿಗಳಲ್ಲಿ ಅದರ ಪಾಲನೆಯನ್ನು ನೋಡಿಕೊಳ್ಳುವುದು ಸುಲಭವಲ್ಲ.

ಕ್ಲೌಡ್ ಖಾತೆಯ ಒಡೆತನ ಇನ್ನೊಂದು ದುರ್ಬಲ ಕೊಂಡಿ. ಗೂಗಲ್ ಉಚಿತವಾಗಿ ಕೊಡುವ 15 ಗಿಗಾಬೈಟ್ ಜಾಗದಲ್ಲಿ 2021ರ ಜೂನಿನಿಂದ ಹೊಸ ಚಿತ್ರಗಳೂ ಲೆಕ್ಕಕ್ಕೆ ಸೇರುತ್ತವೆ. ಮೊಬೈಲಿನ ಜೊತೆಗೇ ಅಂಗಡಿಯಲ್ಲಿ ತೆರೆಸಿಕೊಂಡ ಖಾತೆಯ ಗುಪ್ತಪದ ಮರೆತು, ರೀಚಾರ್ಜ್ ಮಾಡದೆ ಸಿಮ್ ರದ್ದಾದರೆ ಒಟಿಪಿ ಬರುವ ದಾರಿಯೂ ಮುಚ್ಚುತ್ತದೆ. ಎರಡು ವರ್ಷ ಬಳಕೆಯಿಲ್ಲದ ವೈಯಕ್ತಿಕ ಖಾತೆಗಳನ್ನು ಒಳಗಿನ ಚಿತ್ರ, ಕಡತಗಳ ಸಮೇತ ಅಳಿಸುವ ಕ್ರಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ.