ನಿಂತ ರೈಫಲ್ ಖಾಲಿ ರೈಫಲ್ ಅಲ್ಲ: ಎಸ್‌ಎಲ್‌ಆರ್ ಕೈಕೊಡುವುದೇಕೆ?

ಕೊಪ್ಪಳ: ಖಜಾನೆ, ಮತಗಟ್ಟೆಗಳ ಕಾವಲಿಗೆ ನಿಂತ ಪೊಲೀಸರ ಹೆಗಲಿನಲ್ಲಿ ಉದ್ದನೆಯ ರೈಫಲ್ ಕಾಣದವರು ವಿರಳ. ದೇಶದ ಪೊಲೀಸ್ ಪಡೆಗಳು ದಶಕಗಳಿಂದ ಬಳಸುತ್ತ ಬಂದಿರುವ ಆ 7.62 ಮಿ.ಮೀ. ಸೆಲ್ಫ್ ಲೋಡಿಂಗ್ ರೈಫಲ್ (ಎಸ್‌ಎಲ್‌ಆರ್) ಒಂದು ಗುಂಡು ಹಾರಿಸಿ ಸ್ತಬ್ಧಗೊಂಡರೆ ಅಪಾಯ ಎದುರಾಳಿಗಿಂತ ಹಿಡಿದವನಿಗೇ ಹೆಚ್ಚು.

ಕೆಲಸ ಹೇಗೆ?

ಬೆಲ್ಜಿಯಂನ ಎಫ್‌ಎನ್ ಎಫ್‌ಎಎಲ್ ರೈಫಲ್ ಮಾದರಿಯ ಎಸ್‌ಎಲ್‌ಆರ್ ಪಶ್ಚಿಮ ಬಂಗಾಳದ ಈಶಾಪುರ ಕಾರ್ಖಾನೆಯಲ್ಲಿ ತಯಾರಾಯಿತು. ಮ್ಯಾಗಜಿನ್‌ನಲ್ಲಿ 20 ಗುಂಡುಗಳು. ಸಿಡಿದ ಮದ್ದಿನ ಅನಿಲದ ಒಂದು ಪಾಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಆಗ ಬೋಲ್ಟ್ ಹಿಂದೆ ಸರಿದು ಖಾಲಿ ತೋಟಾವನ್ನು ಹೊರಗೆಸೆಯುತ್ತದೆ. ಹಿಡಿಯೊಳಗಿನ ಸ್ಪ್ರಿಂಗ್ ಬೋಲ್ಟನ್ನು ಮುಂದೂಡಿದಾಗ ಹೊಸ ಗುಂಡು ಚೇಂಬರ್ ಸೇರುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ರೈಫಲ್ ನಿಲ್ಲುತ್ತದೆ.

ಮೊದಲು ಸುರಕ್ಷತೆ

ನಿಂತ ರೈಫಲ್‌ನ ಚೇಂಬರ್‌ನಲ್ಲಿ ಗುಂಡು ಉಳಿದಿರಬಹುದು. ಆದ್ದರಿಂದ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು, ಬೆರಳನ್ನು ಟ್ರಿಗರ್‌ನಿಂದ ತೆಗೆಯಬೇಕು. ಟ್ರಿಗರ್ ಒತ್ತಿದರೂ ಗುಂಡು ಸಿಡಿಯದಿದ್ದರೆ, ಅದು ತಡವಾಗಿ ಸಿಡಿಯುವ ಸಂಭವವಿರುವುದರಿಂದ, ತರಬೇತಿ ಮೈದಾನದಲ್ಲಿ ಕನಿಷ್ಠ 30 ಸೆಕೆಂಡು ಕಾಯುವುದು ರೂಢಿ. ನಂತರ ಮ್ಯಾಗಜಿನ್ ಕಳಚಿ, ಬೋಲ್ಟ್ ಹಿಂದೆಳೆದು, ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಬೇಕು. ಸಪ್ಪಳ ಎಂದಿಗಿಂತ ಕ್ಷೀಣವಾಗಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು. ಅದರ ಹಿಂದೆ ಮತ್ತೊಂದು ಗುಂಡು ಹಾರಿಸಿದರೆ ನಳಿಗೆ ಸೀಳಬಹುದು.

ದೋಷ ಎಲ್ಲಿ?

* ಖಾಲಿ ತೋಟಾ ಚೇಂಬರ್‌ನಲ್ಲೇ ಉಳಿದರೆ: ಚೇಂಬರ್ ಕೊಳೆ ಅಥವಾ ಸವೆದ ಎಕ್ಸ್‌ಟ್ರಾಕ್ಟರ್.
* ತೋಟಾ ಬಾಗಿಲಲ್ಲೇ ಸಿಕ್ಕಿಕೊಂಡರೆ, ಅಥವಾ ಬೋಲ್ಟ್ ಅರ್ಧಕ್ಕೇ ಮರಳಿದರೆ: ಅನಿಲದ ಕೊರತೆ.
* ಹೊಸ ಗುಂಡು ಮೇಲೇರದಿದ್ದರೆ: ಬಾಗಿದ ಮ್ಯಾಗಜಿನ್ ತುಟಿ ಅಥವಾ ಸೋತ ಸ್ಪ್ರಿಂಗ್. ಬೇರೆ ಮ್ಯಾಗಜಿನ್ ಹಾಕಿ ನೋಡುವುದೇ ಸುಲಭ ಪರೀಕ್ಷೆ.

ಅನಿಲ ಕೊರತೆಗೆ ಮಸಿ ಕಟ್ಟಿದ ಪಿಸ್ಟನ್ ಒಂದು ಕಾರಣ. ಈ ಮಾದರಿಯ ರೈಫಲ್‌ಗಳಲ್ಲಿ ಗ್ರೆನೇಡ್ ಹಾರಿಸಲೆಂದು ಅನಿಲವನ್ನು ಪೂರ್ತಿ ತಡೆಯುವ ವ್ಯವಸ್ಥೆಯೂ ಇದೆ. ಶುಚಿಗೊಳಿಸಿದ ಬಳಿಕ ಗ್ಯಾಸ್ ಪ್ಲಗ್ ಆ ಸ್ಥಾನದಲ್ಲೇ ಉಳಿದರೆ ಪ್ರತಿ ಗುಂಡಿಗೂ ಬೋಲ್ಟನ್ನು ಕೈಯಿಂದಲೇ ಎಳೆಯಬೇಕಾಗುತ್ತದೆ. ಗ್ಯಾಸ್ ರೆಗ್ಯುಲೇಟರ್‌ನ ರಂಧ್ರ ಕಿರಿದುಗೊಳಿಸಿದಷ್ಟೂ ಪಿಸ್ಟನ್ ಮೇಲಿನ ಒತ್ತಡ ಹೆಚ್ಚುತ್ತದೆ. ಆದರೆ ಕೊಳೆಯನ್ನು ತೆಗೆಯದೆ ಒತ್ತಡ ಏರಿಸಿದರೆ ರೋಗ ಮುಚ್ಚಿ, ಬಿಡಿಭಾಗಗಳು ಬೇಗ ಸವೆಯುತ್ತವೆ.

ಬಿಸಿಲುನಾಡಿನ ಧೂಳು

ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಧೂಳು, ಗಂಗಾವತಿಯ ಭತ್ತದ ಗದ್ದೆಗಳ ತೇವ, ಎರಡೂ ಆಯುಧಕ್ಕೆ ಮಿತ್ರರಲ್ಲ. ಧೂಳಿನಲ್ಲಿ ಅತಿಯಾದ ಎಣ್ಣೆ ಸಾಣೆಹುಡಿಯಾಗುತ್ತದೆ. ತೇವದಲ್ಲಿ ಎಣ್ಣೆ ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ. ತೆಳುವಾಗಿ ಸವರಿ ಒರೆಸುವುದೇ ಮಧ್ಯಮ ಮಾರ್ಗ.

ನಾಗರಿಕರಿಗೆ?

2016ರ ಆಯುಧ ನಿಯಮಗಳ ಪ್ರಕಾರ ಅರೆ ಸ್ವಯಂಚಾಲಿತ ರೈಫಲ್ ನಿಷೇಧಿತ ವರ್ಗಕ್ಕೆ ಸೇರಿದೆ. ಕೇಂದ್ರ ಸರ್ಕಾರದ ವಿಶೇಷ ಅನುಮತಿಯಿಲ್ಲದೆ ಇಟ್ಟುಕೊಂಡರೆ 2019ರ ತಿದ್ದುಪಡಿಯಂತೆ 7ರಿಂದ 14 ವರ್ಷ ಸೆರೆವಾಸ. ಪಡೆಗಳಲ್ಲಿ ಬಿಡಿಭಾಗ ಬದಲಿಸುವುದು ಆರ್ಮರರ್ ಕೆಲಸ. ಬೆಳೆ ರಕ್ಷಣೆಗೆ ಪರವಾನಗಿ ಬಂದೂಕು ಹೊಂದಿರುವವರೂ ದುರಸ್ತಿಗೆ ಪರವಾನಗಿ ಪಡೆದ ಅಂಗಡಿಗೇ ಹೋಗಬೇಕು. ಯಾವ ಬಂದೂಕೇ ಆಗಲಿ, ನಿಂತಿದೆ ಎಂದ ಮಾತ್ರಕ್ಕೆ ಖಾಲಿ ಎಂದು ಭಾವಿಸಬಾರದು.